ಶ್ರೀಮಂತರ ಆಸ್ತಿಗೆ ತೆರಿಗೆ: ಇರುವ ದಾರಿಗಳಲ್ಲಿ ಯಾವುದು ನಮಗೆ ಹೊಂದುತ್ತದೆ?

2015ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಸಂಪತ್ತು ತೆರಿಗೆಯನ್ನು ಕೈಬಿಟ್ಟರು. ಅವರು ಕೊಟ್ಟ ಕಾರಣ ಸರಳ. 2013-14ರಲ್ಲಿ ಇಡೀ ದೇಶದಿಂದ ಆ ತೆರಿಗೆಯಲ್ಲಿ ಬಂದದ್ದು 1,008 ಕೋಟಿ ರೂಪಾಯಿ. ವಸೂಲಿಯ ಖರ್ಚು ಜಾಸ್ತಿ, ಬರುವ ದುಡ್ಡು ಕಡಿಮೆ. ಅದರ ಬದಲು ವರ್ಷಕ್ಕೆ 1 ಕೋಟಿ ಮೀರಿದ ಆದಾಯದವರ ಮೇಲೆ ಶೇ. 2ರಷ್ಟು ಹೆಚ್ಚುವರಿ ಸರ್ಚಾರ್ಜ್, ಅಂದರೆ ತೆರಿಗೆಯ ಮೇಲೆ ಇನ್ನೊಂದು ತೆರಿಗೆ, ಹಾಕಿದರು. ಅದರಿಂದ ಸುಮಾರು 9,000 ಕೋಟಿ ಬರುತ್ತದೆ ಎಂದರು.

ಮೇಲ್ನೋಟಕ್ಕೆ ಒಳ್ಳೆ ವ್ಯಾಪಾರವೇ. ಆದರೆ ಅದರ ಜೊತೆಗೆ ಇನ್ನೊಂದು ಕೆಲಸವೂ ಸದ್ದಿಲ್ಲದೆ ಆಗಿಹೋಯಿತು. ಆಸ್ತಿಯ ಮೇಲಿದ್ದ ತೆರಿಗೆ ಹೋಗಿ ಆದಾಯದ ಮೇಲೆ ಕೂತಿತು. ನಮ್ಮ ನಿಮ್ಮಂಥವರಿಗೆ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ. ನಿಜವಾದ ಸಿರಿವಂತರಿಗೆ ವ್ಯತ್ಯಾಸ ಬಹಳ ಇದೆ.

"ಶ್ರೀಮಂತರಿಗೆ ತೆರಿಗೆ ಹಾಕಿ" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಯಾವ ತೆರಿಗೆ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇರುವ ದಾರಿಗಳು ಆರೇಳು. ಒಂದೊಂದೂ ಬೇರೆ ಬೇರೆಯವರ ಜೇಬಿಗೆ ಕೈ ಹಾಕುತ್ತದೆ. ಅವನ್ನು ಪಕ್ಕಪಕ್ಕ ಇಟ್ಟು ನೋಡೋಣ. ನೋಡುವಾಗ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ. ಆಸ್ತಿಯ ಬೆಲೆ ಎಷ್ಟು ಎಂದು ಜಗಳವಿಲ್ಲದೆ ಗೊತ್ತಾಗುತ್ತದಾ? ಕಟ್ಟಬೇಕಾದವನ ಕೈಯಲ್ಲಿ ಆ ಹೊತ್ತಿಗೆ ದುಡ್ಡಿರುತ್ತದಾ? ಬಂದ ದುಡ್ಡು ದೆಹಲಿಯಲ್ಲೇ ಉಳಿಯುತ್ತದಾ, ಬೆಂಗಳೂರಿಗೂ ಬರುತ್ತದಾ? ದರ ಎಷ್ಟು ಅನ್ನುವುದನ್ನು ಆಮೇಲೆ ನೋಡಿದರೂ ನಡೆಯುತ್ತದೆ.

ಮೊದಲು ಇಬ್ಬರ ಲೆಕ್ಕ

ಬೆಂಗಳೂರಿನಲ್ಲಿ ವರ್ಷಕ್ಕೆ 30 ಲಕ್ಷ ಸಂಬಳದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿದ್ದಾರೆ ಎಂದುಕೊಳ್ಳಿ. 2025-26ರ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸೆಸ್ ಸೇರಿಸಿದರೆ ಸುಮಾರು 4.76 ಲಕ್ಷ ತೆರಿಗೆ ಬರುತ್ತದೆ. ಅಂದರೆ ಸಂಬಳದ ಶೇ. 16ರ ಹತ್ತಿರ. ಅದೂ ಅವರ ಕೈಗೆ ಬರುವ ಮೊದಲೇ ಟಿಡಿಎಸ್ ಆಗಿ ಹೋಗಿರುತ್ತದೆ.

ಇನ್ನೊಬ್ಬರು ಕಂಪನಿಯೊಂದರ ಪ್ರವರ್ತಕರು, ಅಂದರೆ ಅದನ್ನು ಕಟ್ಟಿ ಹಿಡಿತ ಇಟ್ಟುಕೊಂಡವರು. ಅವರ ಹೆಸರಲ್ಲಿ 1,000 ಕೋಟಿ ಬೆಲೆಯ ಷೇರುಗಳಿವೆ. ಈ ವರ್ಷ ಷೇರು ಬೆಲೆ ಶೇ. 10 ಏರಿತು. ಮೇಲೆ ಶೇ. 1ರಷ್ಟು ಡಿವಿಡೆಂಡ್ ಬಂತು. ಒಟ್ಟು 110 ಕೋಟಿ ಬೆಳೆದರು. ತೆರಿಗೆ ಬೀಳುವುದು 10 ಕೋಟಿ ಡಿವಿಡೆಂಡ್ ಮೇಲೆ ಮಾತ್ರ, ಸುಮಾರು 3.5 ಕೋಟಿ. ಉಳಿದ 100 ಕೋಟಿ ಕಾಗದದ ಮೇಲಿನ ಲಾಭ. ಮಾರುವವರೆಗೂ ಅದನ್ನು ಯಾರೂ ಮುಟ್ಟುವುದಿಲ್ಲ. ಬೆಳೆದದ್ದರ ಲೆಕ್ಕದಲ್ಲಿ ಅವರು ಕಟ್ಟಿದ್ದು ಶೇ. 3 ಚಿಲ್ಲರೆ.

ಇದರಲ್ಲಿ ಕಳ್ಳತನ ಏನೂ ಇಲ್ಲ. ಎಲ್ಲವೂ ಕಾನೂನಿನ ಒಳಗೇ ಇದೆ. ಖರ್ಚಿಗೆ ದುಡ್ಡು ಬೇಕಾದರೆ ಷೇರು ಅಡವಿಟ್ಟು ಸಾಲ ತೆಗೆಯಬಹುದು. ಸಾಲ ಆದಾಯವಲ್ಲ, ಅದಕ್ಕೆ ತೆರಿಗೆಯೂ ಇಲ್ಲ. ಕೊನೆಗೆ ಆ ಷೇರು ಮಕ್ಕಳ ಹೆಸರಿಗೆ ಹೋದಾಗಲೂ ತೆರಿಗೆ ಇಲ್ಲ.

ದೇಶದ ಒಟ್ಟು ಸಂಪತ್ತಿನಲ್ಲಿ ಮೇಲಿನ ಶೇ. 1 ಜನರ ಪಾಲು 2022-23ರಲ್ಲಿ ಸುಮಾರು ಶೇ. 40 ಎಂದು ಅಸಮಾನತೆಯನ್ನು ಅಧ್ಯಯನ ಮಾಡುವ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ ಅಂದಾಜು ಮಾಡಿದೆ. ಈ ಅಂದಾಜಿನ ಬಗ್ಗೆ ತಕರಾರು ಮಾಡುವವರು ಇದ್ದಾರೆ. ಇರಲಿ. ಮೇಲಿನ ಇಬ್ಬರ ಲೆಕ್ಕಕ್ಕೆ ಯಾವ ಅಂದಾಜೂ ಬೇಕಿಲ್ಲ, ತೆರಿಗೆ ಕೋಷ್ಟಕ ಸಾಕು.

ವರ್ಷವರ್ಷದ ಸಂಪತ್ತು ತೆರಿಗೆ

ಚರ್ಚೆ ಜಾಸ್ತಿ ನಡೆಯುವುದು ಇದರ ಬಗ್ಗೆ. ನಿಮ್ಮ ಬಳಿ ಇರುವುದೆಲ್ಲದರ ಬೆಲೆ ಕೂಡಿಸಿ, ಸಾಲ ಕಳೆದು, ಒಂದು ಮಿತಿ ದಾಟಿದ್ದಕ್ಕೆ ಪ್ರತಿ ವರ್ಷ ಶೇ. 1 ಅಥವಾ 2 ಕಟ್ಟಿ ಎನ್ನುವುದು.

ನಮಗೆ ಇದು ಹೊಸದಲ್ಲ. 1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಸಂಪತ್ತು ತೆರಿಗೆ, ಉಡುಗೊರೆ ತೆರಿಗೆ, ಖರ್ಚಿನ ಮೇಲೆ ತೆರಿಗೆ, ಬಂಡವಾಳ ಲಾಭದ ತೆರಿಗೆ ಇವೆಲ್ಲ ತನ್ನಿ, ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 45ಕ್ಕೆ ಇಳಿಸಿ ಎಂದರು. ಸರ್ಕಾರ ಮೊದಲ ಅರ್ಧವನ್ನು ಖುಷಿಯಿಂದ ತೆಗೆದುಕೊಂಡಿತು. ಎರಡನೇ ಅರ್ಧವನ್ನು ಅಲ್ಲೇ ಬಿಟ್ಟಿತು. 1957ರಲ್ಲಿ ಸಂಪತ್ತು ತೆರಿಗೆ ಕಾಯ್ದೆ ಬಂತು. ಆದಾಯ ತೆರಿಗೆ ಇಳಿಯಲಿಲ್ಲ, ಏರುತ್ತಲೇ ಹೋಯಿತು. 1973-74ರ ಹೊತ್ತಿಗೆ ಸರ್ಚಾರ್ಜ್ ಸೇರಿ ಗರಿಷ್ಠ ದರ ಶೇ. 97.75. ನೂರು ರೂಪಾಯಿ ಹೆಚ್ಚು ದುಡಿದರೆ ಕೈಯಲ್ಲಿ ಉಳಿಯುವುದು ಎರಡೂಕಾಲು ರೂಪಾಯಿ. ಅದರ ಮೇಲೆ ಸಂಪತ್ತು ತೆರಿಗೆ ಬೇರೆ. ಹೀಗಿದ್ದಾಗ ಕಪ್ಪುಹಣ ಹುಟ್ಟದೆ ಇನ್ನೇನು ಹುಟ್ಟುತ್ತದೆ ಹೇಳಿ.

ಕಡೆಗೆ ಈ ತೆರಿಗೆ ಸತ್ತದ್ದು ದರ ಜಾಸ್ತಿಯಾಗಿ ಅಲ್ಲ, ವಿನಾಯಿತಿ ಜಾಸ್ತಿಯಾಗಿ. 1992ರ ಬದಲಾವಣೆಯಲ್ಲಿ "ಉತ್ಪಾದಕ" ಆಸ್ತಿಗಳನ್ನೆಲ್ಲ ಹೊರಗಿಟ್ಟರು. ಷೇರು ಹೊರಗೆ. ಬ್ಯಾಂಕ್ ಠೇವಣಿ ಹೊರಗೆ. ಅಂಗಡಿ ಕಾಂಪ್ಲೆಕ್ಸ್ ಹೊರಗೆ. ಒಂದು ಮನೆಗೆ ವಿನಾಯಿತಿ. ಒಳಗೆ ಉಳಿದದ್ದು ಒಡವೆ, ಕಾರು, ಪಟ್ಟಣದ ಖಾಲಿ ನಿವೇಶನ, ವಿಹಾರ ನೌಕೆ, ವಿಮಾನ, 50,000 ಮೀರಿದ ನಗದು, ಮತ್ತು ಪುರಸಭೆಯ ಗಡಿಯಿಂದ 25 ಕಿಲೋಮೀಟರ್ ಒಳಗಿನ ಫಾರ್ಮ್‌ಹೌಸ್. ಗಡಿಯಿಂದ ಮೂವತ್ತು ಕಿಲೋಮೀಟರ್ ದೂರ ಇದ್ದರೆ? ಅದಕ್ಕೆ ತೆರಿಗೆ ಇಲ್ಲ. ಕೊನೆಯ ವರ್ಷಗಳಲ್ಲಿ ಮಿತಿ 30 ಲಕ್ಷ, ದರ ಶೇ. 1. ಅಜ್ಜಿಯ ಕಾಲದ ಒಡವೆ ಮತ್ತು ಒಂದು ಖಾಲಿ ಸೈಟು ಇದ್ದವರು ಕಟ್ಟಬೇಕು. 1,000 ಕೋಟಿ ಷೇರು ಇದ್ದವರು ಅದಕ್ಕೆ ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. 1,008 ಕೋಟಿ ಮಾತ್ರ ಬಂತಲ್ಲ ಎಂದು ಆಶ್ಚರ್ಯಪಡುವುದು ಸುಮ್ನೆ.

ಹಾಗಾಗಿ "ಭಾರತದಲ್ಲಿ ಸಂಪತ್ತು ತೆರಿಗೆ ಮಾಡಿ ನೋಡಿ ಆಗಿದೆ, ಸೋತಿದೆ" ಎನ್ನುವ ಮಾತನ್ನು ಪೂರ್ತಿ ಒಪ್ಪಬೇಡಿ. ಕೊನೆಯ ಎರಡು ದಶಕ ನಾವು ಮಾಡಿದ್ದು ಒಡವೆ-ಸೈಟಿನ ತೆರಿಗೆ.

ಹೊರಗಿನ ಅನುಭವ ಏನು ಹೇಳುತ್ತದೆ? 1990ರಲ್ಲಿ ಒಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟದ 12 ದೇಶಗಳಲ್ಲಿ ಇಂಥ ತೆರಿಗೆ ಇತ್ತು. 2017ಕ್ಕೆ ಉಳಿದದ್ದು ನಾಲ್ಕು: ಫ್ರಾನ್ಸ್, ನಾರ್ವೆ, ಸ್ಪೇನ್, ಸ್ವಿಟ್ಜರ್ಲೆಂಡ್. ಮರುವರ್ಷ ಫ್ರಾನ್ಸ್ ಕೂಡ ಅದನ್ನು ಸ್ಥಿರಾಸ್ತಿಗೆ ಮಾತ್ರ ಸೀಮಿತ ಮಾಡಿತು. ಜರ್ಮನಿಯ ಕಥೆ ನಮಗೆ ಹತ್ತಿರದ್ದು. ಅಲ್ಲಿ ಮನೆ-ಜಮೀನಿಗೆ ಹಳೇ ಕಾಲದ ಬೆಲೆ, ಷೇರು-ಠೇವಣಿಗೆ ಇವತ್ತಿನ ಬೆಲೆ ಹಿಡಿಯುತ್ತಿದ್ದರು. ಇದು ಸಮಾನವಲ್ಲ ಎಂದು 1995ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಹೇಳಿತು. 1997ರಿಂದ ಆ ತೆರಿಗೆ ನಿಂತೇ ಹೋಗಿದೆ. ನಮ್ಮಲ್ಲೂ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಒಂದು, ಕೈಬದಲಾಗುವ ಬೆಲೆ ಇನ್ನೊಂದು. ಸಬ್‌ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾರ್ವೆ 2022ರಲ್ಲಿ ದರವನ್ನು ಶೇ. 1.1ಕ್ಕೆ ಏರಿಸಿತು. ಹಲವು ಕೋಟ್ಯಧಿಪತಿಗಳು ಗಂಟುಮೂಟೆ ಕಟ್ಟಿ ಹೊರಟರು. ಎಲ್ಲಿಗೆ? ಸ್ವಿಟ್ಜರ್ಲೆಂಡಿಗೆ. ಅಲ್ಲೂ ಸಂಪತ್ತು ತೆರಿಗೆ ಇದೆ! ಆದರೆ ದರ ಕಡಿಮೆ, ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ ಬೇರೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಸಾಮಾನ್ಯ ವ್ಯಕ್ತಿ ಷೇರು ಮಾರಿ ಲಾಭ ಮಾಡಿದರೆ ಅದಕ್ಕೆ ತೆರಿಗೆಯೇ ಇಲ್ಲ. ಅಂದರೆ ಸ್ವಿಸ್ಸರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದಾರೆ. ಇದನ್ನು ಮರೆತು "ಸ್ವಿಸ್ಸಿನಲ್ಲಿ ನಡೆಯುತ್ತಿದೆ, ಇಲ್ಲಿ ಯಾಕಾಗಲ್ಲ" ಎಂದು ವಾದಿಸುವವರನ್ನು ನೋಡಿದರೆ ನಗು ಬರುತ್ತದೆ.

ಈಗ ನಮ್ಮ ಪ್ರವರ್ತಕರ ಲೆಕ್ಕಕ್ಕೆ ಬನ್ನಿ. 10 ಕೋಟಿ ಮೀರಿದ ಸಂಪತ್ತಿಗೆ ವರ್ಷಕ್ಕೆ ಶೇ. 2 ಎನ್ನುವುದು 2024ರಲ್ಲಿ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್‌ನವರು ಭಾರತಕ್ಕೆ ಇಟ್ಟ ಸಲಹೆಗಳಲ್ಲಿ ಒಂದು. ಆ ಪ್ರಕಾರ ಅವರು 19.8 ಕೋಟಿ ಕಟ್ಟಬೇಕು. ಡಿವಿಡೆಂಡ್‌ನಲ್ಲಿ ತೆರಿಗೆ ಹೋಗಿ ಕೈಯಲ್ಲಿರುವುದು ಆರೂವರೆ ಕೋಟಿ. ಉಳಿದದ್ದಕ್ಕೆ ಷೇರು ಮಾರಬೇಕು. ಮಾರಿದ್ದಕ್ಕೆ ಬಂಡವಾಳ ಲಾಭದ ತೆರಿಗೆಯೂ ಸೇರಿ, ಪ್ರತಿ ವರ್ಷ ತಮ್ಮ ಪಾಲಿನ ಸುಮಾರು ಶೇ. 1.5 ಕರಗುತ್ತದೆ. ಹತ್ತು ವರ್ಷಕ್ಕೆ ಏಳರಲ್ಲಿ ಒಂದು ಪಾಲು ಹೋಯಿತು. ಅದೇ ಬೇಕು ಎನ್ನುವವರಿದ್ದಾರೆ, ಕಂಪನಿಯ ಹಿಡಿತ ಕೈತಪ್ಪುತ್ತದೆ ಎನ್ನುವವರೂ ಇದ್ದಾರೆ. ಎರಡೂ ನಿಜ. ಲಿಸ್ಟ್ ಆದ ಷೇರಿಗಾದರೆ ಬೆಲೆ ದಿನಾ ಗೊತ್ತಿರುತ್ತದೆ. ಇನ್ನೂ ಲಾಭ ಕಾಣದ ಸ್ಟಾರ್ಟಪ್‌ನ ಸಂಸ್ಥಾಪಕರ ಕಥೆ ಬೇರೆ. ಹೂಡಿಕೆದಾರರು ಕೊಟ್ಟ ಬೆಲೆಯಲ್ಲಿ ಅವರು ನೂರಾರು ಕೋಟಿಯ ಒಡೆಯರು, ಬ್ಯಾಂಕ್ ಖಾತೆಯಲ್ಲಿ ಸಂಬಳ ಮಾತ್ರ. ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್ ತುಂಬಾ ಇಂಥವರೇ. ತೆರಿಗೆ ಕಟ್ಟಲು ಅವರು ಏನನ್ನು ಮಾರಬೇಕು?

ವರ್ಷಾವರ್ತಿ ಸಂಪತ್ತು ತೆರಿಗೆ ನನಗೆ ಪೂರ್ತಿ ಒಪ್ಪಿಗೆಯಾಗದಿರುವುದು ಇಲ್ಲೇ. ಪ್ರತಿ ವರ್ಷ ಬೆಲೆ ಕಟ್ಟುವ ಅಧಿಕಾರವನ್ನು ಒಬ್ಬ ಅಧಿಕಾರಿಯ ಕೈಗೆ ಕೊಟ್ಟರೆ, ಪ್ರತಿ ವರ್ಷ ಅಲ್ಲೊಂದು ಚೌಕಾಸಿ ನಡೆಯುತ್ತದೆ.

ಸತ್ತ ಮೇಲೆ, ಮಕ್ಕಳಿಗೆ ಹೋಗುವಾಗ

ಉತ್ತರಾಧಿಕಾರ ತೆರಿಗೆ ಎಂದರೆ ನಮ್ಮಲ್ಲಿ ಎಲ್ಲರೂ ಬೆಚ್ಚಿಬೀಳುತ್ತಾರೆ. 2024ರ ಏಪ್ರಿಲ್‌ನಲ್ಲಿ, ಚುನಾವಣೆಯ ಮಧ್ಯದಲ್ಲಿ, ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅಮೆರಿಕದ ಉದಾಹರಣೆ ಹೇಳಿದ್ದೇ ತಡ, ಅವರ ಪಕ್ಷವೇ ಇದು ನಮ್ಮ ನಿಲುವಲ್ಲ ಎಂದು ದೂರ ಸರಿಯಿತು. ಮಂಗಳಸೂತ್ರದವರೆಗೂ ಮಾತು ಹೋಯಿತು.

ನಮ್ಮಲ್ಲಿ ಇದೂ ಇತ್ತು. 1953ರಿಂದ 1985ರವರೆಗೆ ಎಸ್ಟೇಟ್ ಡ್ಯೂಟಿ ಎಂಬ ಹೆಸರಲ್ಲಿ. ಗರಿಷ್ಠ ದರ ಶೇ. 85, ಅದೂ 20 ಲಕ್ಷ ಮೀರಿದ ಆಸ್ತಿಗೆ. ಅಂಥ ದರ ಇಟ್ಟೂ ಕೊನೆಯಲ್ಲಿ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 20 ಕೋಟಿ. ಒಂದೇ ಆಸ್ತಿಗೆ ಬದುಕಿದ್ದಾಗ ಒಂದು ಕಾನೂನು, ಸತ್ತಾಗ ಇನ್ನೊಂದು ಕಾನೂನು, ಇದು ಜನರಿಗೆ ಸುಮ್ಮನೆ ಕಿರುಕುಳ ಎಂದು ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ತೆಗೆದುಹಾಕಿದರು. ಆಗ ಈ ದುಡ್ಡು ಹೋಗುತ್ತಿದ್ದದ್ದು ರಾಜ್ಯಗಳಿಗೆ. ವಸೂಲಿ ಕೇಂದ್ರದ್ದು, ಪಾಲು ರಾಜ್ಯದ್ದು. ಮೈ ಬಗ್ಗಿಸಿ ವಸೂಲಿ ಮಾಡುವ ಉತ್ಸಾಹ ದೆಹಲಿಗೆ ಎಷ್ಟಿರಬಹುದು, ನೀವೇ ಊಹಿಸಿ.

ಇವತ್ತು ಅಪ್ಪನಿಂದ ಮಗಳಿಗೆ ಎಷ್ಟೇ ಕೋಟಿ ಹೋದರೂ ಆದಾಯ ತೆರಿಗೆ ಇಲ್ಲ. ಉಯಿಲಿನ ಮೂಲಕ ಹೋದರೆ ಸ್ಟಾಂಪ್ ಶುಲ್ಕವೂ ಇಲ್ಲ. ಬದುಕಿದ್ದಾಗಲೇ ದಾನಪತ್ರ ಮಾಡಿಕೊಟ್ಟರೆ ಕರ್ನಾಟಕದಲ್ಲಿ ಮನೆಯವರೊಳಗೆ ಕೆಲವೇ ಸಾವಿರ ರೂಪಾಯಿಯ ನಿಗದಿತ ಶುಲ್ಕ. ಅದೇ ನಿವೇಶನವನ್ನು ಹೊರಗಿನವರು ಸಾಲ ಮಾಡಿ ಕೊಂಡರೆ 45 ಲಕ್ಷ ಮೀರಿದ ಬೆಲೆಗೆ ಶೇ. 5 ಸ್ಟಾಂಪ್, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ. ದುಡಿದು ಕೊಂಡವನಿಗೆ ಲಕ್ಷಗಟ್ಟಲೆ, ಕೂತಲ್ಲಿ ಪಡೆದವನಿಗೆ ಸಾವಿರ. ಇದು ಸರಿಯಾ ಎಂದು ಕೇಳುವುದಕ್ಕೆ ಎಡಪಂಥೀಯ ಆಗಬೇಕಿಲ್ಲ.

ಹೊರಗೆ ನೋಡಿದರೆ ಜಪಾನಿನಲ್ಲಿ ಗರಿಷ್ಠ ಶೇ. 55, ದಕ್ಷಿಣ ಕೊರಿಯಾದಲ್ಲಿ 50, ಬ್ರಿಟನ್ನಿನಲ್ಲಿ 40. ಸ್ಯಾಮ್‌ಸಂಗ್‌ನ ಲೀ ಕುನ್-ಹೀ 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರ ಮನೆಯವರಿಗೆ ಬಂದ ಬಿಲ್ಲು 12 ಲಕ್ಷ ಕೋಟಿ ವೊನ್‌ಗೂ ಜಾಸ್ತಿ. ಐದು ವರ್ಷಗಳ ಕಂತಿನಲ್ಲಿ ಕಟ್ಟುತ್ತೇವೆ ಎಂದರು. ಅದಕ್ಕಾಗಿ ಷೇರು ಮಾರಿದರು, ಸಾಲ ಮಾಡಿದರು. ಕಂಪನಿ ಮುಳುಗಲಿಲ್ಲ. ಕಂತು ಎನ್ನುವ ಒಂದು ವ್ಯವಸ್ಥೆ ಇದ್ದರೆ ಎಷ್ಟು ದೊಡ್ಡ ತೆರಿಗೆಯನ್ನೂ ಅರಗಿಸಿಕೊಳ್ಳಬಹುದು ಎನ್ನುವುದಕ್ಕೆ ಇದೇ ಸಾಕ್ಷಿ.

ನಮ್ಮ ಪ್ರವರ್ತಕರಿಗೆ ಅನ್ವಯಿಸಿ. ಅದೇ ಲ್ಯಾಬ್‌ನವರು 10 ಕೋಟಿ ಮೀರಿದ್ದಕ್ಕೆ ಶೇ. 33 ಎಂದಿದ್ದಾರೆ. 990 ಕೋಟಿಗೆ ಸುಮಾರು 327 ಕೋಟಿ, ಒಂದು ತಲೆಮಾರಿಗೆ ಒಂದು ಸಲ. ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಆಸ್ತಿ ಬೆಲೆ ಇದ್ದಲ್ಲೇ ಇದ್ದರೆ, ವರ್ಷಕ್ಕೆ ಶೇ. 2ರ ತೆರಿಗೆ ಹದಿನೇಳು ವರ್ಷದಲ್ಲೇ ಇದನ್ನು ಮೀರುತ್ತದೆ. ಅಂದರೆ ಕಣ್ಣಿಗೆ ಹೊಡೆಯುವ 33 ಸೌಮ್ಯವಾದದ್ದು, ಸಣ್ಣದಾಗಿ ಕಾಣುವ 2 ಕಟುವಾದದ್ದು. ದರ ನೋಡಿ ತೀರ್ಮಾನಕ್ಕೆ ಬಂದರೆ ಎಡವುತ್ತೀರಿ.

ಇದರ ದೌರ್ಬಲ್ಯವೂ ಗೊತ್ತಿರುವುದೇ. ಸರ್ಕಾರ ಚಾಪೆ ಕೆಳಗೆ ತೂರಿದರೆ ಲೆಕ್ಕಪರಿಶೋಧಕರು ರಂಗೋಲಿ ಕೆಳಗೆ ತೂರುತ್ತಾರೆ. ಖಾಸಗಿ ಟ್ರಸ್ಟ್ ಇದೆ, ಹಿಂದೂ ಅವಿಭಕ್ತ ಕುಟುಂಬ ಇದೆ. ಟ್ರಸ್ಟು ಸಾಯುವುದಿಲ್ಲ, ಅವಿಭಕ್ತ ಕುಟುಂಬವೂ ಸಾಯುವುದಿಲ್ಲ. ಸಾವಿಲ್ಲದಿದ್ದರೆ ತೆರಿಗೆ ಎಲ್ಲಿಂದ? ಬದುಕಿದ್ದಾಗಲೇ ಕೊಟ್ಟುಬಿಡುವುದನ್ನು ತಡೆಯಲು ಉಡುಗೊರೆ ತೆರಿಗೆಯೂ ಜೊತೆಗೆ ಬೇಕು. ನಮ್ಮ ಹಳೆಯ ಉಡುಗೊರೆ ತೆರಿಗೆ 1998ರಲ್ಲಿ ಹೋಯಿತು. ಈಗ 50,000 ಮೀರಿದ ಉಡುಗೊರೆ ಸಂಬಂಧಿಕರಲ್ಲದವರಿಂದ ಬಂದರೆ ಮಾತ್ರ ಪಡೆದವರ ಆದಾಯವಾಗುತ್ತದೆ.

ಇಲ್ಲೊಂದು ವಿಷಯ ಬಿಡುವ ಹಾಗಿಲ್ಲ. ಉತ್ತರಾಧಿಕಾರ ತೆರಿಗೆ ನಮಗಿಲ್ಲ ಎಂದು ಆರಾಮಾಗಿರುವ ಬೆಂಗಳೂರಿನ ಎಷ್ಟೋ ಟೆಕ್ಕಿಗಳಿಗೆ ಅದು ಈಗಾಗಲೇ ಇದೆ. ಅಮೆರಿಕದ ಕಂಪನಿಯ ಆರ್‌ಎಸ್‌ಯು, ಅಂದರೆ ಸಂಬಳದ ಭಾಗವಾಗಿ ಕೊಡುವ ಷೇರು, ಸಿಕ್ಕಿ, ಆ ಷೇರುಗಳನ್ನು ಹಾಗೇ ಇಟ್ಟುಕೊಂಡಿದ್ದರೆ ಅದು ಅಮೆರಿಕದ ಆಸ್ತಿ. ಅಲ್ಲಿನ ಪ್ರಜೆಗಳಿಗೆ ಹತ್ತು ಮಿಲಿಯನ್ ಡಾಲರ್ ದಾಟಿದ ಮೇಲೂ ವಿನಾಯಿತಿ ಇದೆ. ಅಲ್ಲಿ ವಾಸವಿಲ್ಲದ ವಿದೇಶಿಯರಿಗೆ ಇರುವುದು 60,000 ಡಾಲರ್ ಮಾತ್ರ. ಅದರ ಮೇಲಿನದಕ್ಕೆ ಶೇ. 40ರವರೆಗೆ ಎಸ್ಟೇಟ್ ತೆರಿಗೆ. ಈ ವಿಷಯದಲ್ಲಿ ಭಾರತಕ್ಕೂ ಅಮೆರಿಕಕ್ಕೂ ಒಪ್ಪಂದವಿಲ್ಲ. ಮನೆಯಲ್ಲಿ ಇಂಥ ಷೇರು ಇದ್ದರೆ ಇವತ್ತೇ ಒಬ್ಬ ತಿಳಿದವರನ್ನು ಕೇಳಿ.

ಸರ್ಚಾರ್ಜ್ ಎಂಬ ಸುಲಭದ ದಾರಿ

ಸಂಪತ್ತು ತೆರಿಗೆಯ ಜಾಗಕ್ಕೆ ಬಂದದ್ದು ಇದೇ. 2019ರಲ್ಲಿ 5 ಕೋಟಿ ಮೀರಿದ ಆದಾಯಕ್ಕೆ ಸರ್ಚಾರ್ಜ್ ಶೇ. 37ಕ್ಕೆ ಏರಿ, ಒಟ್ಟು ದರ ಶೇ. 42.74 ಮುಟ್ಟಿತು. 2023ರಿಂದ ಹೊಸ ಪದ್ಧತಿಯಲ್ಲಿ ಸರ್ಚಾರ್ಜ್ 25ಕ್ಕೆ ಇಳಿದು, ಒಟ್ಟು 39 ಆಗಿದೆ.

ವಸೂಲಿ ಸಲೀಸು. ಬೆಲೆ ಕಟ್ಟುವ ಜಗಳವಿಲ್ಲ. ಆದರೆ ಡಿವಿಡೆಂಡ್ ಮೇಲೆ, ದೀರ್ಘಾವಧಿ ಬಂಡವಾಳ ಲಾಭದ ಮೇಲೆ ಸರ್ಚಾರ್ಜ್ ಶೇ. 15 ದಾಟುವಂತಿಲ್ಲ. ಹಾಗಾದರೆ ಪೂರ್ತಿ ಸರ್ಚಾರ್ಜ್ ಬೀಳುವುದು ಯಾರ ಮೇಲೆ? ಕೋಟಿಗಟ್ಟಲೆ ಸಂಬಳದ ಸಿಇಒ, ಹೆಸರಾಂತ ವಕೀಲರು, ಸರ್ಜನ್‌ಗಳು, ಸಿನಿಮಾ ನಟರು. ಇವರೂ ಶ್ರೀಮಂತರೇ, ಅಲ್ಲ ಎನ್ನುವುದಿಲ್ಲ. ಆದರೆ ದುಡಿದು ಶ್ರೀಮಂತರಾದವರು. ಹುಟ್ಟಿನಿಂದ ಆಗರ್ಭ ಶ್ರೀಮಂತರಾದವರು ಡಿವಿಡೆಂಡ್‌ನ ನೆರಳಲ್ಲಿ ತಣ್ಣಗಿದ್ದಾರೆ.

ಕನ್ನಡಿಗರು ಗಮನಿಸಬೇಕಾದದ್ದು ಇನ್ನೊಂದು. ಸಂಪತ್ತು ತೆರಿಗೆ ಕೇಂದ್ರ-ರಾಜ್ಯ ಹಂಚಿಕೊಳ್ಳುವ ನಿಧಿಗೆ ಸೇರುತ್ತಿತ್ತು. ಸರ್ಚಾರ್ಜ್, ಸೆಸ್ ಸೇರುವುದಿಲ್ಲ. ಅದು ಪೂರ್ತಿ ಕೇಂದ್ರದ್ದು. 2015ರ ಅದಲುಬದಲಿನಲ್ಲಿ ರಾಜ್ಯಗಳ ಪಾಲು ಹೀಗೆ ಜಾರಿಹೋಯಿತು. ಹಂಚುವ ನಿಧಿಯಲ್ಲೂ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದ ಶೇ. 4.713ರಿಂದ 15ನೇ ಆಯೋಗದ ಕಾಲದಲ್ಲಿ 3.647ಕ್ಕೆ ಇಳಿದದ್ದು ನಿಮಗೆ ನೆನಪಿರಬಹುದು. ಇದರ ಬಗ್ಗೆ ದೆಹಲಿಯ ಜಂತರ್ ಮಂತರ್‌ವರೆಗೂ ಹೋಗಿ ನಮ್ಮವರು ಧರಣಿ ಕೂತರು. ಹಂಚಿಕೆಗೇ ಬಾರದ ಸರ್ಚಾರ್ಜ್ ಬಗ್ಗೆ ಅಷ್ಟೇ ಜೋರಾಗಿ ಮಾತಾಡಬೇಕು. ಮೂರನೇ ಪ್ರಶ್ನೆಯಲ್ಲಿ ಸರ್ಚಾರ್ಜ್ ಪೂರ್ತಿ ಫೇಲ್.

ಮಾರಿದಾಗ ಹಿಡಿಯುವುದು

ಬಂಡವಾಳ ಲಾಭದ ತೆರಿಗೆಗೆ ಒಂದು ದೊಡ್ಡ ಅನುಕೂಲ ಇದೆ. ಮಾರಿದಾಗ ಬೆಲೆಯೂ ಖಚಿತ, ದುಡ್ಡೂ ಕೈಯಲ್ಲಿ. 2004ರಿಂದ 2018ರವರೆಗೆ ಲಿಸ್ಟ್ ಆದ ಷೇರಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯೇ ಇರಲಿಲ್ಲ. 2018ರಲ್ಲಿ ಶೇ. 10 ಬಂತು. 2024ರ ಜುಲೈ 23ರಿಂದ ಶೇ. 12.5, ವರ್ಷಕ್ಕೆ 1.25 ಲಕ್ಷದವರೆಗೆ ವಿನಾಯಿತಿ. ಸಂಬಳಕ್ಕೆ 30, ಷೇರಿನ ಲಾಭಕ್ಕೆ ಹನ್ನೆರಡೂವರೆ. ಷೇರು ಮಾರಿದ ದುಡ್ಡಲ್ಲಿ ಮನೆ ಕೊಂಡರೆ 10 ಕೋಟಿವರೆಗೆ ಅದೂ ಇಲ್ಲ.

ಜಮೀನಿನ ವಿಷಯ ಇನ್ನೂ ಸ್ವಾರಸ್ಯ. ಹಳ್ಳಿಯ ಕೃಷಿಭೂಮಿಯನ್ನು "ಬಂಡವಾಳ ಆಸ್ತಿ" ಎಂದೇ ಕಾನೂನು ಒಪ್ಪುವುದಿಲ್ಲ. 10 ಲಕ್ಷ ಮೀರಿ ಜನ ಇರುವ ನಗರದ ಗಡಿಯಿಂದ 8 ಕಿಲೋಮೀಟರ್ ಆಚೆ ಇದ್ದರೆ ಅದು ಹಳ್ಳಿಯ ಜಮೀನು. ಸಣ್ಣ ಊರುಗಳಿಗೆ ಈ ದೂರ 6 ಅಥವಾ 2. ಅಳೆಯುವುದು ರಸ್ತೆಯಲ್ಲಿ ಅಲ್ಲ, ಆಕಾಶದಲ್ಲಿ ನೇರ ಗೆರೆ ಎಳೆದು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಎಕರೆಗೆ ಕೋಟಿಗಳಲ್ಲಿ ಕೈಬದಲಾಗುವ ಜಮೀನಿನಲ್ಲಿ ಯಾವುದಕ್ಕೆ ತೆರಿಗೆ, ಯಾವುದಕ್ಕಿಲ್ಲ ಎನ್ನುವುದನ್ನು ಆ ಗೆರೆ ತೀರ್ಮಾನಿಸುತ್ತದೆ. 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಜಮೀನು ಕೊಳ್ಳಬಹುದು. ರೈತನನ್ನು ಉಳಿಸಲು ಇಟ್ಟ ವಿನಾಯಿತಿಯನ್ನು ಈಗ ಯಾರು ಬಳಸಿಕೊಳ್ಳುತ್ತಿದ್ದಾರೆ ಎಂದು ನೋಡಬೇಕಾದರೆ ಆ ಕಡೆ ಒಂದು ಭಾನುವಾರ ಸುತ್ತಾಡಿ, ಕಾಂಪೌಂಡುಗಳನ್ನು ನೋಡಿ.

ಇದರ ದೊಡ್ಡ ತೂತು ಆಗಲೇ ಹೇಳಿದ್ದು: ಮಾರದೇ ಇದ್ದರೆ ತೆರಿಗೆ ಇಲ್ಲ. ಕೆನಡಾ ಇದಕ್ಕೊಂದು ಉಪಾಯ ಮಾಡಿದೆ. 1972ರಲ್ಲಿ ಎಸ್ಟೇಟ್ ತೆರಿಗೆ ತೆಗೆದು, ಸತ್ತ ದಿನ ಆಸ್ತಿಯನ್ನೆಲ್ಲ ಮಾರಿದಂತೆ ಲೆಕ್ಕ ಹಿಡಿದು ಲಾಭಕ್ಕೆ ಮಾತ್ರ ತೆರಿಗೆ ಹಾಕುತ್ತದೆ. ಗಂಡ-ಹೆಂಡತಿಗೆ ಹೋದರೆ ಮುಂದಕ್ಕೆ ಹಾಕುತ್ತದೆ. ಹೊಸ ಇಲಾಖೆ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ, ಇರುವ ತೆರಿಗೆಗೆ ಒಂದು ಕಲಂ ಸೇರಿಸಿದರೆ ಸಾಕು.

ಕಂಪನಿಗಳ ಮೇಲೆ

2019ರ ಸೆಪ್ಟೆಂಬರ್ 20ರಂದು ನಿರ್ಮಲಾ ಸೀತಾರಾಮನ್ ಕಂಪನಿ ತೆರಿಗೆಯ ಮೂಲ ದರವನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ಎಲ್ಲ ಸೇರಿ 25.17. ವಿನಾಯಿತಿಗಳನ್ನು ಬಿಟ್ಟುಕೊಟ್ಟ ಕಂಪನಿಗಳಿಗೆ ಮಾತ್ರ ಈ ದರ. 2023-24ರಲ್ಲಿ ಕಂಪನಿಗಳಿಂದ ಬಂದದ್ದು ಸುಮಾರು 9.1 ಲಕ್ಷ ಕೋಟಿ, ವ್ಯಕ್ತಿಗಳ ಆದಾಯ ತೆರಿಗೆಯಿಂದ 10.4 ಲಕ್ಷ ಕೋಟಿ. ಒಂದು ಕಾಲದಲ್ಲಿ ಇದು ತಿರುಗಾಮುರುಗಾ ಇತ್ತು.

ಕಂಪನಿ ತೆರಿಗೆ ಏರಿಸಿ ಎನ್ನುವುದು ಕೇಳಲು ಚೆನ್ನ. ಆದರೆ ಆ ಭಾರ ಕೊನೆಗೆ ಮಾಲೀಕನ ಮೇಲೇ ಬೀಳುತ್ತದೆ ಎನ್ನುವ ಖಾತ್ರಿ ಇಲ್ಲ. ಸ್ವಲ್ಪ ಸಂಬಳದಲ್ಲಿ, ಸ್ವಲ್ಪ ಬೆಲೆಯಲ್ಲಿ ಹರಿದುಹೋಗುತ್ತದೆ. ಮ್ಯೂಚುವಲ್ ಫಂಡ್, ಪಿಎಫ್ ಮೂಲಕ ಸಣ್ಣವರೂ ಕಂಪನಿಗಳ ಪಾಲುದಾರರೇ. ಶ್ರೀಮಂತ ವ್ಯಕ್ತಿಯನ್ನು ಹಿಡಿಯಬೇಕಾದರೆ ವ್ಯಕ್ತಿಯನ್ನೇ ಹಿಡಿಯಬೇಕು. ಒಂದು ರೂಪಾಯಿಯೂ ಕಟ್ಟದ ದೊಡ್ಡ ಕಂಪನಿಗಳಿಗೆ ಕನಿಷ್ಠ ತೆರಿಗೆ ಇರಲೇಬೇಕು. ನಮ್ಮಲ್ಲಿ ಅದು 1980ರ ದಶಕದಲ್ಲೇ ಬಂದು, ಮಧ್ಯೆ ಕೆಲವು ವರ್ಷ ಹೋಗಿ, 1990ರ ದಶಕದಿಂದ ಮತ್ತೆ ಇದೆ.

ದಾನ ಸಾಕಾಗುವುದಿಲ್ಲವೇ?

ಅಜೀಂ ಪ್ರೇಮ್‌ಜಿ ವಿಪ್ರೋದ ತಮ್ಮ ಪಾಲಿನ ದೊಡ್ಡ ಭಾಗವನ್ನೇ ಫೌಂಡೇಶನ್‌ಗೆ ಬಿಟ್ಟುಕೊಟ್ಟರು. 2024ರಿಂದ ಕರ್ನಾಟಕದ ಸರ್ಕಾರಿ ಶಾಲೆ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಸಿಗುತ್ತಿದ್ದರೆ ಅದರಲ್ಲಿ ನಾಲ್ಕು ದಿನದ ಖರ್ಚು ಆ ಫೌಂಡೇಶನ್‌ದು. ಕೈ ಮುಗಿಯಬೇಕಾದ ಕೆಲಸ. ಆದರೆ ಎಲ್ಲ ಸಿರಿವಂತರೂ ಪ್ರೇಮ್‌ಜಿ ಅಲ್ಲ. ದಾನದಲ್ಲಿ ಎಷ್ಟು, ಯಾವುದಕ್ಕೆ, ಎಲ್ಲಿಯವರೆಗೆ ಎನ್ನುವುದು ಕೊಡುವವರ ಇಷ್ಟ. ಒಪ್ಪಂದದ ಅವಧಿ ಮುಗಿದ ಮೇಲೆ ಏನು ಎನ್ನುವ ಪ್ರಶ್ನೆಗೆ ಬಜೆಟ್ಟಿನಲ್ಲೇ ಉತ್ತರ ಇರಬೇಕು.

ರಾಜ್ಯದ ಕೈಯಲ್ಲಿ ಇರುವುದು

ಕರ್ನಾಟಕ ತಾನೇ ಸಂಪತ್ತು ತೆರಿಗೆ ಹಾಕುವಂತಿಲ್ಲ. ಅದು ಕೇಂದ್ರಪಟ್ಟಿಯ 86ನೇ ನಮೂದು. ರಾಜ್ಯಕ್ಕಿರುವುದು ಜಮೀನು-ಕಟ್ಟಡದ ತೆರಿಗೆ, ಸ್ಟಾಂಪ್, ವಾಹನ ತೆರಿಗೆ, ಕೃಷಿ ಆದಾಯ. ನನ್ನ ಕೇಳಿದರೆ ಇದರಲ್ಲಿ ಆಸ್ತಿ ತೆರಿಗೆಯೇ ಹೆಚ್ಚು ಬಳಸದೆ ಬಿಟ್ಟ ಅಸ್ತ್ರ. ಜಮೀನನ್ನು ದುಬೈಗೆ ಒಯ್ಯಲು ಆಗುವುದಿಲ್ಲ. ಕಾರನ್ನು ಒಯ್ಯಬಹುದು. ಇಲ್ಲಿನ ಜೀವಿತಾವಧಿ ತೆರಿಗೆ ತಪ್ಪಿಸಲು ಪುದುಚೇರಿಯಲ್ಲಿ ನೋಂದಾಯಿಸಿದ ಐಷಾರಾಮಿ ಕಾರುಗಳು ಬೆಂಗಳೂರಿನಲ್ಲಿ ಓಡಾಡುವುದು, ಸಾರಿಗೆ ಇಲಾಖೆ ಅವನ್ನು ಹಿಡಿಯುವುದು ಆಗಾಗ ಸುದ್ದಿಯಾಗುತ್ತದೆ.

ಬೆಂಗಳೂರಿನ ಆಸ್ತಿ ತೆರಿಗೆಯಲ್ಲಿ ಎ ಇಂದ ಎಫ್‌ವರೆಗೆ ವಲಯ ಮಾಡಿ ಚದರಡಿ ಲೆಕ್ಕ ಹಾಕುವ ಪದ್ಧತಿ ಬಂದಿತು. ಬಾಡಿಗೆ ಮನೆಯವರು, ಅಪಾರ್ಟ್‌ಮೆಂಟಿನವರು ಸಿಕ್ಕಿಬೀಳುತ್ತಾರೆ. ಬೆಲೆ ಏರಲಿ ಎಂದು ವರ್ಷಗಟ್ಟಲೆ ಖಾಲಿ ಬಿಟ್ಟ ದೊಡ್ಡ ನಿವೇಶನಗಳಿಗೆ ಬೀಳುವುದು ಕಡಿಮೆ. ಅವಕ್ಕೆ ದರ ಏರಿಸಿದರೆ ಯಾವ ಸಂವಿಧಾನದ ಅಡ್ಡಿಯೂ ಇಲ್ಲ, ದುಡ್ಡೂ ಇಲ್ಲೇ ಉಳಿಯುತ್ತದೆ. ಅಡ್ಡಿ ಇರುವುದು ಬೇರೆ ಕಡೆ. ಆ ನಿವೇಶನಗಳು ಯಾರ ಹೆಸರಲ್ಲಿವೆ ಎಂದು ಚುನಾವಣಾ ಅಫಿಡವಿಟ್‌ಗಳನ್ನು ತೆರೆದು ನೋಡಿ.

ಹಾಗಾದರೆ ಯಾವುದು?

ನಿಮ್ಮ ಉದ್ದೇಶ ಬೇಗ ದುಡ್ಡು ತರುವುದಾದರೆ ಬಂಡವಾಳ ಲಾಭದ ದರವನ್ನು ಸಂಬಳದ ದರಕ್ಕೆ ಹತ್ತಿರ ತನ್ನಿ, 10 ಕೋಟಿ ಮನೆಯ ವಿನಾಯಿತಿಯನ್ನು ಇಳಿಸಿ. ಒಂದೇ ಬಜೆಟ್ಟಿನಲ್ಲಿ ಆಗುವ ಕೆಲಸ. ಕೆಲವೇ ಮನೆತನಗಳ ಕೈಯಲ್ಲಿ ಕಂಪನಿಗಳ ಹಿಡಿತ ಇರುವುದನ್ನು ಸಡಿಲಿಸುವುದೇ ಗುರಿಯಾದರೆ ವರ್ಷದ ಸಂಪತ್ತು ತೆರಿಗೆ ಬೇಕು. ಮಿತಿ ನೂರಾರು ಕೋಟಿಯಲ್ಲಿ ಇರಲಿ, ಷೇರು ಒಳಗಿರಲಿ, ಒಂದೂ ವಿನಾಯಿತಿ ಬೇಡ. ಒಂದು ವಿನಾಯಿತಿ ಕೊಟ್ಟರೆ 1992 ಮತ್ತೆ ಬಂದ ಹಾಗೆಯೇ.

ನಾನು ಆರಿಸುವುದು ಮಧ್ಯದ ದಾರಿ. ಎತ್ತರದ ಮಿತಿಯ ಉತ್ತರಾಧಿಕಾರ ತೆರಿಗೆ, ಅದು ಆಗದಿದ್ದರೆ ಕೆನಡಾ ರೀತಿಯ ವ್ಯವಸ್ಥೆ. ಬೆಲೆ ಕಟ್ಟುವ ಜಗಳ ತಲೆಮಾರಿಗೆ ಒಂದೇ ಸಲ. ಕಂತಿನಲ್ಲಿ ಕಟ್ಟಬಹುದು. ಸ್ಟಾರ್ಟಪ್ ಕಟ್ಟುತ್ತಿರುವವರಿಗೆ ಕಿರಿಕಿರಿ ಇಲ್ಲ. ವಾಸದ ಮನೆ, ಹತ್ತಿಪ್ಪತ್ತು ಕೋಟಿಯೊಳಗಿನ ಆಸ್ತಿ ಪೂರ್ತಿ ಹೊರಗೆ. ಟ್ರಸ್ಟಿಗೆ ಇಪ್ಪತ್ತೈದು ಮೂವತ್ತು ವರ್ಷಕ್ಕೊಮ್ಮೆ ಮಾಲೀಕ ಬದಲಾದಂತೆ ಲೆಕ್ಕ ಹಿಡಿಯಬೇಕು. ಕೆನಡಾದಲ್ಲಿ ಬಹುತೇಕ ಟ್ರಸ್ಟುಗಳಿಗೆ 21 ವರ್ಷಕ್ಕೊಮ್ಮೆ ಹೀಗೆ ಮಾಡುತ್ತಾರೆ. ಆಸ್ತಿಯ ಮಾಹಿತಿಯೂ ಸರ್ಕಾರದ ಬಳಿ ಆಗಲೇ ಇದೆ. ವರ್ಷಕ್ಕೆ 1 ಕೋಟಿ ಮೀರಿ ಆದಾಯ ಇರುವವರು ರಿಟರ್ನ್ಸ್‌ನ ಶೆಡ್ಯೂಲ್ ಎಎಲ್‌ನಲ್ಲಿ ಮನೆ, ಒಡವೆ, ಷೇರು, ಕಾರು ಎಲ್ಲ ಬರೆದುಕೊಡುತ್ತಾರೆ. ಮೊದಲು ಈ ಮಿತಿ 50 ಲಕ್ಷ ಇತ್ತು. ಅಷ್ಟಾದರೂ ಅದನ್ನು ಹಾಗೇ ಉಳಿಸಿಕೊಳ್ಳಬಹುದಿತ್ತು.

ತೊಡಕು ಉಳಿಯುವುದು ಕೃಷಿಭೂಮಿಯಲ್ಲಿ. ಅದನ್ನು ಬಿಟ್ಟರೆ ದುಡ್ಡೆಲ್ಲ ತೋಟ-ಜಮೀನಿಗೆ ಹರಿಯುತ್ತದೆ, ನಿಜವಾದ ರೈತನಿಗೆ ಜಮೀನು ಇನ್ನೂ ದುಬಾರಿಯಾಗುತ್ತದೆ. ಸೇರಿಸಲು ಕೇಂದ್ರಕ್ಕೆ ಅಧಿಕಾರವಿಲ್ಲ. ಕೃಷಿಭೂಮಿಯ ಉತ್ತರಾಧಿಕಾರದ ಮೇಲಿನ ತೆರಿಗೆ ರಾಜ್ಯಪಟ್ಟಿಯಲ್ಲಿದೆ. 252ನೇ ವಿಧಿಯಂತೆ ಎರಡೋ ಹೆಚ್ಚೋ ರಾಜ್ಯಗಳ ವಿಧಾನಮಂಡಲಗಳು ನಿರ್ಣಯ ಮಾಡಿ ಕೇಳಿಕೊಂಡರೆ ಮಾತ್ರ ಸಂಸತ್ತು ಆ ಕಾನೂನು ಮಾಡಬಹುದು. ಅಂದರೆ ಇಷ್ಟು ಎಕರೆ ದಾಟಿದ ಜಮೀನು ಸೇರಬೇಕೋ ಬೇಡವೋ ಎನ್ನುವ ಪ್ರಶ್ನೆ ಕರ್ನಾಟಕದ ಮಟ್ಟಿಗೆ ಬರುವುದು ವಿಧಾನಸೌಧಕ್ಕೇ. ಅಲ್ಲಿ ಕೈ ಎತ್ತಬೇಕಾದವರಲ್ಲಿ ಬಹಳ ಮಂದಿ ಜಮೀನುದಾರರೇ.